ಎದೆ ಮೇಲಿನ ಚುಕ್ಕೆ ಮತ್ತು ಕಳೆದುಹೋದ ಫೈಲು

ಗೌರಿ ಹಬ್ಬ ಮುಗಿದ ವಾರ ಪಾಂಡವಪುರದ ಕಡೆಯ ಒಬ್ಬ ತಾಯಿ ಮಗನ ಜೊತೆ ಮೈಸೂರಿನ ನನ್ನ ಒಪಿಡಿಗೆ ಬಂದಿದ್ದರು. 11 ವರ್ಷದ ಹಿಂದೆ ಎಡಸ್ತನದಲ್ಲಿ ಕ್ಯಾನ್ಸರ್ ಆಗಿ, ಗಂಟಷ್ಟನ್ನೇ ತೆಗೆದು, ಆಮೇಲೆ ‘ಕರೆಂಟ್ ಕೊಟ್ಟಿದ್ರಂತೆ’. ರೇಡಿಯೋಥೆರಪಿಗೆ ನಮ್ಮ ಕಡೆ ಇದೇ ಹೆಸರು. ಅದು ಎಕ್ಸ್‌ರೇ ಜಾತಿಯ ಕಿರಣ ಅಂತ ವಿವರಿಸಿ ವಿವರಿಸಿ ಸಾಕಾಗಿ, ಈಗ ನಾನೂ ಕರೆಂಟ್ ಅಂತಲೇ ಅನ್ನುತ್ತೇನೆ. ಈ ಸಲ ಗಂಟು ಬಲಗಡೆ. ಮಗ ಕೂರುವ ಮೊದಲೇ ಕೇಳಿದ: “ಅವತ್ತಿನ ಕರೆಂಟಿಂದಾನೇ ಬಂತಾ ಸಾರ್?”

ಕರೆಂಟ್ ಕೊಟ್ಟಾಗ ಅಮ್ಮನಿಗೆ ಎಷ್ಟು ವಯಸ್ಸಾಗಿತ್ತು ಅಂತ ಕೇಳಿದೆ. 52. ಹಾಗಿದ್ದರೆ ಆ ಅನುಮಾನವನ್ನು ಹೆಚ್ಚುಕಡಿಮೆ ಬಿಟ್ಟುಬಿಡಬಹುದು. ಒಂದು ಸ್ತನಕ್ಕೆ 50 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಕೊಟ್ಟಾಗ ಚದುರಿದ ಕಿರಣ ಇನ್ನೊಂದಕ್ಕೂ ಒಂದೆರಡು ಗ್ರೇಯಷ್ಟು ತಾಕುವುದು ನಿಜ. ಆದರೆ ಅದರಿಂದ ಅಪಾಯ ಹೆಚ್ಚಿದ್ದು ಕಂಡಿರುವುದು 40-45 ದಾಟದೆ ಚಿಕಿತ್ಸೆ ಪಡೆದವರಲ್ಲಿ. 1992ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ, ಎರಡನೇ ಸ್ತನ ಕ್ಯಾನ್ಸರ್‌ಗಳ ಪೈಕಿ ಹಳೆಯ ವಿಕಿರಣದ ತಲೆಗೆ ಕಟ್ಟಬಹುದಾದದ್ದು ನೂರಕ್ಕೆ ಮೂರೂ ಇಲ್ಲ. ಒಮ್ಮೆ ಕ್ಯಾನ್ಸರ್ ಆದವರ ಇನ್ನೊಂದು ಸ್ತನಕ್ಕೆ ವರ್ಷಕ್ಕೆ ಸುಮಾರು 200ರಲ್ಲಿ ಒಬ್ಬರಿಗೆ ಹೇಗೂ ಬರುತ್ತದೆ. ಮೈ ಅದೇ, ಹಾರ್ಮೋನೂ ಅದೇ, ಕೆಲವರಲ್ಲಿ ಹುಟ್ಟಿನಿಂದ ಬಂದ ಜೀನೂ ಅದೇ.

ಇನ್ನು ಕರೆಂಟ್ ಕೊಡಿಸದೇ ಇದ್ದಿದ್ದರೆ? 17 ಪ್ರಯೋಗಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದರು. ಗಂಟು ಮಾತ್ರ ತೆಗೆಸಿಕೊಂಡವರಲ್ಲಿ 10 ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ. 35, ವಿಕಿರಣವನ್ನೂ ಪಡೆದವರಲ್ಲಿ ಶೇ. 19. 15 ವರ್ಷದಲ್ಲಿ ಈ ಕ್ಯಾನ್ಸರಿಂದ ಸತ್ತವರು ಶೇ. 25ರಿಂದ 21ಕ್ಕೆ ಇಳಿದರು. ಮಗನಿಗೆ ಇದನ್ನು ಚೀಟಿ ಹಿಂದೆ ಬರೆದುಕೊಟ್ಟೆ.

ನನಗೆ ಬೇಕಾಗಿದ್ದದ್ದು ಬೇರೆ ಚೀಟಿ. ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಎಲ್ಲಿಂದ ಎಲ್ಲಿವರೆಗೆ? ಫೈಲು ಮನೆಗೆ ಸುಣ್ಣ ಹೊಡೆಸುವಾಗ ಹೋಗಿತ್ತು. ಚಿಕಿತ್ಸೆ ಕೊಟ್ಟ ಕಡೆಯೂ ದಾಖಲೆ ಸಿಗಲಿಲ್ಲ. ಉಳಿದಿದ್ದು ಮೈಮೇಲಿನ ಗುರುತು ಮಾತ್ರ. ಮುಂಗೈ ತುಂಬ ಹಸಿರು ಹಚ್ಚೆಯಿದ್ದ ಆಕೆಯ ಎದೆಯ ನಡುಗೆರೆಯಲ್ಲಿ, ಎಳ್ಳಿಗಿಂತ ಸಣ್ಣದೊಂದು ನೀಲಿ ಚುಕ್ಕೆ. ಎಡ ಕಂಕುಳ ಕೆಳಗೆ ಇನ್ನೊಂದು. ದಿನಾ ಒಂದೇ ಜಾಗಕ್ಕೆ ಕಿರಣ ಬೀಳಲಿ ಅಂತ ನಮ್ಮವರೇ ಚುಚ್ಚುವ ಹಚ್ಚೆ ಅದು. ಎಡಗಡೆ ಕಿರಣ ಬಿದ್ದಿದ್ದ ಹಳೇ ಗದ್ದೆಯ ಬದು ಎಲ್ಲಿತ್ತು ಅನ್ನುವುದು ಅದರಿಂದ ಅಂದಾಜಾಗುತ್ತದೆ. ಬಲಗಡೆಗೆ ಈಗ ಕೊಡುವ ಕಿರಣ ಆ ಬದು ದಾಟಿ ಎದೆಮೂಳೆಯ ಮೇಲೆ ಎರಡೆರಡು ಸಲ ಬೀಳಬಾರದು.

ಅದೇ ಎಡಸ್ತನದಲ್ಲೇ ಗಂಟು ಬಂದಿದ್ದರೆ ಕೆಲಸ ಇನ್ನೂ ಕಷ್ಟ. ಒಮ್ಮೆ ಪೂರ್ತಿ ಡೋಸ್ ಕುಡಿದ ಚರ್ಮ, ಪಕ್ಕೆಲುಬು ಅದನ್ನು ಮರೆಯುವುದಿಲ್ಲ. ಅಂಥವರಿಗೆ ಸಾಮಾನ್ಯವಾಗಿ ಇಡೀ ಸ್ತನ ತೆಗೆಯುವುದೇ ದಾರಿ. ಗಂಟು 3 ಸೆಂಟಿಮೀಟರಿಗಿಂತ ಸಣ್ಣದಿದ್ದು, ಮೊದಲ ವಿಕಿರಣ ಮುಗಿದು ವರ್ಷ ದಾಟಿದ್ದರೆ, ಆ ಭಾಗಕ್ಕಷ್ಟೇ ದಿನಕ್ಕೆರಡು ಸಲ, ಒಟ್ಟು 45 ಗ್ರೇ ಮತ್ತೆ ಕೊಟ್ಟು ಸ್ತನ ಉಳಿಸಿದ ಪ್ರಯೋಗವೂ ಆಗಿದೆ. ಹಳೇ ಲೆಕ್ಕ ಕೈಯಲ್ಲಿಲ್ಲದಿದ್ದರೆ ನಾನಂತೂ ಅದಕ್ಕೆ ಕೈಹಾಕುವುದಿಲ್ಲ. ಕಿರಣ ಬಿದ್ದ ಚರ್ಮದ ಮೇಲೆ ವರ್ಷಗಳಾದ ಮೇಲೆ ಏಟು ಬಿದ್ದ ಹಾಗೆ ನೇರಳೆ ಕಲೆ ಕಂಡರೆ ಮುಲಾಮು ಹಚ್ಚಿ ಕೂರಬೇಡಿ, ತೋರಿಸಿ. ಅದು ಆಂಜಿಯೋಸಾರ್ಕೋಮ, ಅಂದರೆ ರಕ್ತನಾಳದ ಒಳಪದರದ ಕ್ಯಾನ್ಸರ್, ಇರಬಹುದು. ಬಲು ಅಪರೂಪ, ಆದರೆ ಕೆಟ್ಟದ್ದು.

“ಎರಡನೇ ಸಲ ಬಂದ್ರೆ ಉಳಿಯಲ್ಲ ಅಂತಾರೆ” ಎಂದರು ಆಕೆ, ನೆಲ ನೋಡಿಕೊಂಡು. ಎಷ್ಟನೇ ಸಲ ಅನ್ನುವುದಕ್ಕಿಂತ ಎಷ್ಟು ವರ್ಷದ ಮೇಲೆ ಅನ್ನುವುದು ಮುಖ್ಯ. ಒಂದೆರಡು ವರ್ಷದಲ್ಲೇ ಅದೇ ಜಾಗದಲ್ಲಿ ಮೊಳೆತರೆ ಅದು ಹಳೇ ಬೇರು, ಕೂಳೆ ಕಬ್ಬಿನ ಹಾಗೆ. ನಮಗೆ ಚಿಂತೆ ಹೆಚ್ಚು. ಹತ್ತು ವರ್ಷ ದಾಟಿ ಇನ್ನೊಂದು ಕಡೆ ಬಂದದ್ದು ಬಹುಪಾಲು ಹೊಸ ಬಿತ್ತನೆ. ಸಣ್ಣದಿರುವಾಗಲೇ ಸಿಕ್ಕರೆ ಮೊದಲ ಸಲದಷ್ಟೇ ಚೆನ್ನಾಗಿ ವಾಸಿ ಮಾಡಬಹುದು. ಅದಕ್ಕೇ ಬಯಾಪ್ಸಿ, ಹಾರ್ಮೋನ್ ಮತ್ತು ಹರ್-2 (ಕ್ಯಾನ್ಸರ್ ಕೋಶದ ಮೇಲಿನ ಒಂದು ಪ್ರೋಟೀನ್) ಪರೀಕ್ಷೆ ಮತ್ತೆ ಹೊಸದಾಗಿ ಆಗಬೇಕು. ಹಳೇ ರಿಪೋರ್ಟ್ ನಂಬಿ ಮಾತ್ರೆ ಬರೆಯುವಂತಿಲ್ಲ.

ಆಕೆಯದು ಹೊಸದೇ ಆಗಿತ್ತು, ಒಂದೂವರೆ ಸೆಂಟಿಮೀಟರ್. ಆಪರೇಷನ್ ಆದ ಮೇಲೆ ಬಲಗಡೆಗೆ 15 ಸಿಟ್ಟಿಂಗ್. ಗುರುತು ಚುಚ್ಚುವಾಗ ನಡುವಿನ ಚುಕ್ಕೆ ಹಳೆಯದೇ ಸಾಕು ಅಂದೆವು. “ಒಂದು ಚುಚ್ಚೋದು ಉಳೀತು ಬಿಡಿ” ಅಂತ ನಕ್ಕರು. ಕೊನೇ ದಿನದ ಡೋಸ್ ಹಾಳೆಯ ಫೋಟೋವನ್ನು ಮಗ ಅಲ್ಲೇ ಮೊಬೈಲಲ್ಲಿ ತೆಗೆದುಕೊಂಡ, ಒಂದು ಜೆರಾಕ್ಸನ್ನು ಅಕ್ಕನ ಮನೆಯಲ್ಲಿ ಇಡುತ್ತೇನೆ ಅಂದ.