ಏಸಿಗೂ ಮೊದಲು ತಾರಸಿ

ಮೇ ತಿಂಗಳ ಒಂದು ರಾತ್ರಿ, ಹತ್ತರ ಹೊತ್ತಿಗೆ, ಕಲಬುರಗಿಯ ನಮ್ಮ ಮನೆಯ ಮೇಲಂತಸ್ತಿನಲ್ಲಿ ಸ್ಟೂಲ್ ಹತ್ತಿ ಅಂಗೈಯನ್ನು ಚಾವಣಿಗೆ ಒತ್ತಿದೆ. ಸೂರ್ಯ ಮುಳುಗಿ ಮೂರು ತಾಸಾಗಿತ್ತು. ಆದರೂ ಸ್ಲ್ಯಾಬು, ರೊಟ್ಟಿ ಸುಟ್ಟು ಒಲೆ ಆರಿಸಿದ ಮೇಲಿನ ಹಂಚಿನಂತೆ ಬೆಚ್ಚಗಿತ್ತು. ಹಗಲಿಡೀ ಬಿಸಿಲು ಕುಡಿದ ನಾಲ್ಕೈದು ಇಂಚಿನ ಕಾಂಕ್ರೀಟಿನಲ್ಲಿ ಶಾಖ ಕೆಳಗಿಳಿಯಲು ಕೆಲವು ತಾಸು ಬೇಕು. ಅದು ಕೋಣೆಗೆ ಇಳಿಯುವುದಕ್ಕೂ ನಾವು ಹಾಸಿಗೆ ಬಿಡಿಸುವುದಕ್ಕೂ ಸರಿಹೋಗುತ್ತದೆ.

ಏಸಿಯನ್ನು 18ಕ್ಕೆ ಇಳಿಸುವುದು ಇದೇ ಹೊತ್ತಿನಲ್ಲಿ. ಹಾಗೆ ಮಾಡುವವರನ್ನು ದೂರಲು ನನಗೆ ಮನಸ್ಸಿಲ್ಲ. ನಮ್ಮ ಮೈಗೆ ತಾಗುವುದು ಗಾಳಿಯ ಬಿಸಿ ಮಾತ್ರವಲ್ಲ. ಗೋಡೆ, ಚಾವಣಿಗಳು ಸೂಸುವ ಅವಕೆಂಪು ಕಿರಣಗಳೂ ತಾಗುತ್ತವೆ. ಕೋಣೆಯ ಗಾಳಿ 24 ಡಿಗ್ರಿಗೆ ಬಂದರೂ ತಲೆಯ ಮೇಲಿನ ಸ್ಲ್ಯಾಬು 38ರಲ್ಲಿದ್ದರೆ ಸೆಕೆ ಬಿಡುವುದಿಲ್ಲ. ಆದರೆ 18 ಒತ್ತಿದರೆ ಕೋಣೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಒಂದು ಟನ್‌ನ ಏಸಿ ಎಂದರೆ ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕಬಲ್ಲ ಯಂತ್ರ. ಬಿಸಿ ಕೋಣೆಯಲ್ಲಿ 24ಕ್ಕಿಟ್ಟರೂ 18ಕ್ಕಿಟ್ಟರೂ ಅದು ಮೊದಲು ತನ್ನ ಪೂರ್ಣ ಶಕ್ತಿಯಲ್ಲೇ ಓಡುತ್ತದೆ; 18ಕ್ಕಿಟ್ಟರೆ ಓಟ ನಿಲ್ಲಿಸುವುದಿಲ್ಲ, ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ವಿದ್ಯುತ್ ಉಳಿಯುತ್ತದೆಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರಿಂದ ನಮ್ಮಲ್ಲಿ ಮಾರಾಟವಾಗುವ ಮನೆಯ ಏಸಿಗಳು 24ರಲ್ಲೇ ಚಾಲೂ ಆಗುವಂತೆ ನಿಯಮವಿರುವುದೂ ಇದಕ್ಕಾಗಿಯೇ.

ಚಿತ್ತಾಪುರದ ಕಡೆ ನನ್ನ ಸೋದರತ್ತೆಯ ಮನೆಯಿತ್ತು. ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು ಹೇರಿದ ಮಾಳಿಗೆ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಗಿಲು, ಕಿಟಕಿ ಮುಚ್ಚಿಬಿಡುತ್ತಿದ್ದರು. ಪಡಸಾಲೆಯ ಕಲ್ಲು ಹಾಸಿನ ಮೇಲೆ ಬೆಳಕಿಂಡಿಯಿಂದ ತಟ್ಟೆಯಗಲದ ಬಿಸಿಲು ಬಿದ್ದು, ಮಧ್ಯಾಹ್ನವಿಡೀ ಮೆಲ್ಲಗೆ ಸರಿಯುತ್ತಿತ್ತು. ಮಕ್ಕಳು ಬಾಗಿಲು ತೆರೆದಿಟ್ಟು ಓಡಿದರೆ “ಬಿಸಿಲನ್ನು ಒಳಗೆ ಯಾಕೆ ಕರೆಯುತ್ತೀರಿ?” ಎಂದು ಅತ್ತೆ ಗದರುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಎಲ್ಲವನ್ನೂ ತೆರೆದು, ನಾವು ಮಾಳಿಗೆಯ ಮೇಲೆ ಮಲಗುತ್ತಿದ್ದೆವು.

ಅವರು ಮಾಡುತ್ತಿದ್ದುದು ಶುದ್ಧ ಭೌತವಿಜ್ಞಾನ. ಕಲಬುರಗಿಯ ಬೇಸಿಗೆಯಲ್ಲಿ ಹಗಲು 40 ದಾಟಿದರೂ ಇರುಳು ಹನ್ನೆರಡು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ದಪ್ಪ ಮಣ್ಣನ್ನು ದಾಟಿ ಬರುವಷ್ಟರಲ್ಲಿ ಹಗಲಿನ ಶಾಖ ಬಡವಾಗಿರುತ್ತದೆ, ಹೊರಗೂ ತಂಪಾಗಿರುತ್ತದೆ. ಇರುಳಿನ ಗಾಳಿ ಗೋಡೆಯನ್ನು ಮರುದಿನಕ್ಕೆ ಆರಿಸಿಡುತ್ತದೆ. ಇದೇ ಮನೆಯನ್ನು ಮಂಗಳೂರಿನಲ್ಲಿ ಕಟ್ಟಿದರೆ ಉಸಿರುಗಟ್ಟೀತು. ಅಲ್ಲಿ ಇರುಳೂ ಬೆಚ್ಚಗೆ, ಗಾಳಿಯ ತುಂಬ ತೇವ. ಅಲ್ಲಿಗೆ ಸಂದುಗಳಲ್ಲಿ ಗಾಳಿಯಾಡುವ ಹೆಂಚಿನ ಇಳಿಜಾರು ಮಾಡೇ ಸರಿ.

ಮಾಳಿಗೆ ಮನೆಯಲ್ಲಿ ಕಷ್ಟವೂ ಇತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಮಣ್ಣು ಹೇರಬೇಕು, ಆದರೂ ಸೋರುತ್ತಿತ್ತು. ಅತ್ತೆಯ ಮಕ್ಕಳು ಅದನ್ನು ಕೆಡವಿ ಸ್ಲ್ಯಾಬು ಹಾಕಿಸಿದಾಗ ನಾನೂ ಸರಿಯೆಂದೆ. ನನಗೆ ಈಗಲೂ ಬೇಸರವಿರುವುದು ಆ ಸ್ಲ್ಯಾಬನ್ನು ಬಿಸಿಲಿಗೆ ಬರಿದಾಗಿ ಬಿಟ್ಟದ್ದಕ್ಕೆ.

ಬಿಳಿ ಬಳಿದ ತಾರಸಿ ಬಿಸಿಲಿನ ಬಹುಪಾಲನ್ನು ಮೇಲೆಯೇ ಹಿಂದಕ್ಕೆ ಕಳಿಸುತ್ತದೆ. 2010ರ ಬಿಸಿಗಾಳಿಯ ಸಾವುಗಳನ್ನು ಕಂಡ ಅಹಮದಾಬಾದ್ ಮುಂದೆ ಬಡಬಡಾವಣೆಗಳ ಸೂರುಗಳಿಗೆ ಬಿಳಿ ಬಳಿಸಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿತು. ಪಡುವಣ ಕಿಟಕಿಗೆ ಹೊರಗಿನಿಂದ ನೆರಳು ಕೊಡಿ. ಒಳಗಿನ ಪರದೆಯನ್ನು ಮುಟ್ಟುವಷ್ಟರಲ್ಲಿ ಬಿಸಿಲು ಮನೆ ಹೊಕ್ಕಾಗಿರುತ್ತದೆ. ಆಮೇಲೆ ಏಸಿಯನ್ನು 27ಕ್ಕಿಟ್ಟು ಫ್ಯಾನ್ ಹಾಕಿದರೆ ನಿದ್ದೆ ಬರುತ್ತದೆ. ಒಂದೂವರೆ ಟನ್‌ನ ಏಸಿ ಸುಮಾರು 1,500 ವಾಟ್ ಎಳೆದರೆ ಫ್ಯಾನಿಗೆ 75 ವಾಟ್ ಸಾಕು.

ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳಿಗೆ ಮಾಸುತ್ತದೆ, ವರ್ಷಕ್ಕೊಮ್ಮೆ ಬಳಿಯಲೇಬೇಕು. ಯುಗಾದಿಗೆ ಗೋಡೆಗೆ ಸುಣ್ಣ ಕಲೆಸುವಾಗ, ಒಂದಿಷ್ಟು ಅಂಟು ಬೆರೆಸಿ, ತಾರಸಿಗೂ ಎರಡು ಬಕೆಟ್ ಕಲೆಸಿಡಿ.