ಸ್ಪಿರುಲಿನಾ ತಗೊಂಡ್ರೆ ಒಮೆಗಾ-3 ಸಿಗುತ್ತಾ?

ಪ್ರಶ್ನೆ: ಮನೇಲಿ ಯಾರೂ ಮೀನು ತಿನ್ನಲ್ಲ. ಪಾಚೀಲಿ ಒಮೆಗಾ-3 ಇರುತ್ತೆ ಅಂತಾರಲ್ಲ, ದಿನಾ ಒಂದು ಚಮಚ ಸ್ಪಿರುಲಿನಾ ಪುಡಿ ಸಾಕಾ?

ಸಾಕಾಗಲ್ಲ. ಪಾಚಿ ಅಂತ ಒಂದೇ ಹೆಸರಲ್ಲಿ ಕರೆದು ಎರಡು ಬೇರೆ ಬೇರೆ ಜೀವಿಗಳನ್ನ ಬೆರೆಸಿಬಿಡ್ತೀವಿ, ಗೊಂದಲ ಅಲ್ಲೇ ಶುರು. ಡಿಎಚ್‌ಎ ಅನ್ನೋ ಒಮೆಗಾ-3 ಇರೋ 'ಆಲ್ಗಲ್ ಆಯಿಲ್' (ಪಾಚಿ ಎಣ್ಣೆ) ಕ್ಯಾಪ್ಸೂಲ್ ಸ್ಕಿಜೋಕೈಟ್ರಿಯಂ ಥರದ ಸಮುದ್ರದ ಸೂಕ್ಷ್ಮಜೀವಿಯಿಂದ ಬರುತ್ತೆ. ಸ್ಪಿರುಲಿನಾ ಸಯನೋಬ್ಯಾಕ್ಟೀರಿಯಾ, ಬಿಸಿಲಲ್ಲಿ ತನ್ನ ಊಟ ತಾನೇ ಮಾಡ್ಕೊಳ್ಳೋ ಬ್ಯಾಕ್ಟೀರಿಯಾ, ಅದನ್ನ ಡಿಎಚ್‌ಎಗೆ ನಂಬ್ಕೊಳ್ಳೋ ಹಾಗಿಲ್ಲ.

ಸ್ಪಿರುಲಿನಾದಲ್ಲಿರೋ ವಿಶೇಷ ಕೊಬ್ಬು ಜಿಎಲ್‌ಎ, ಅಂದ್ರೆ ಗಾಮಾ ಲಿನೋಲೆನಿಕ್ ಆಮ್ಲ. ಒಮೆಗಾ-6 ಗುಂಪಿಂದು. ಹಾಗಂತ ಕೆಟ್ಟದ್ದು ಅನ್ಕೋಬೇಡಿ, ನಮ್ಮ ಮೈಯೊಳಗೆ ಇದು ಡಿಜಿಎಲ್‌ಎ ಅನ್ನೋ ಇನ್ನೊಂದು ಕೊಬ್ಬಿನಾಮ್ಲ ಆಗಿ ಬದಲಾಗಿ ಅದ್ರಿಂದ ಉರಿಯೂತ ತಗ್ಗಿಸೋ ಪ್ರೊಸ್ಟಾಗ್ಲಾಂಡಿನ್ ಇ1 ಅನ್ನೋ ರಾಸಾಯನಿಕ ತಯಾರಾಗುತ್ತೆ, ನಾವು ದಿನಾ ತಿನ್ನೋ ಊಟದಲ್ಲಿ ಜಿಎಲ್‌ಎ ಸಿಗೋದೇ ಅಪರೂಪ. ಆದ್ರೆ ಲೆಕ್ಕ ನೋಡಿ. 5 ಗ್ರಾಂ ಪುಡೀಲಿ ಒಟ್ಟು ಕೊಬ್ಬೇ ಅರ್ಧ ಗ್ರಾಂ ದಾಟಲ್ಲ, ಅದ್ರಲ್ಲಿ ಜಿಎಲ್‌ಎ ಹೆಚ್ಚುಕಮ್ಮಿ 50 ಮಿಲಿಗ್ರಾಂ. 1990ರ ದಶಕದಲ್ಲಿ ರುಮಟಾಯ್ಡ್ ಸಂಧಿವಾತ ಇರೋರ ಮೇಲೆ ಜಿಎಲ್‌ಎ ಪರೀಕ್ಷೆ ಮಾಡಿದಾಗ ಕೊಟ್ಟಿದ್ದು ದಿನಕ್ಕೆ 1.4 ಗ್ರಾಂ, 2.8 ಗ್ರಾಂ. ಸ್ಪಿರುಲಿನಾದಿಂದ 1.4 ಗ್ರಾಂ ಬೇಕಂದ್ರೆ ದಿನಾ 140 ಗ್ರಾಂ ಪುಡಿ ತಿನ್ಬೇಕು!

ಇನ್ನು ಸ್ಪಿರುಲಿನಾದಲ್ಲೂ ಇರೋ ಸಲ್ಫೋಲಿಪಿಡ್, ಅಂದ್ರೆ ಗಂಧಕ ಸೇರಿದ ಕೊಬ್ಬಿನ ಕತೆ. 1989ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್ಸ್‌ಟಿಟ್ಯೂಟ್‌ನವರು ಲಿಂಗ್‌ಬ್ಯಾ, ಫಾರ್ಮಿಡಿಯಂ ಅನ್ನೋ ಸಯನೋಬ್ಯಾಕ್ಟೀರಿಯಾಗಳಿಂದ ಇದನ್ನ ತೆಗೆದು, ಎಚ್‌ಐವಿ ವೈರಸ್‌ನ ತಡೆಯುತ್ತೆ ಅಂತ ತೋರಿಸಿದ್ರು, ನಿಜಕ್ಕೂ ಒಳ್ಳೇ ಕೆಲಸ ಅದು. ಆದ್ರೆ ತೋರಿಸಿದ್ದು ಲ್ಯಾಬಲ್ಲಿ ಬೆಳೆಸಿದ ಜೀವಕೋಶಗಳಲ್ಲಿ. ಅಷ್ಟು ಇಟ್ಕೊಂಡು ಪಾಚಿ ಮಾತ್ರೆ ನುಂಗಿದ್ರೆ ಕಾಯಿಲೆ ವಾಸಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಸೋಕೆ ಹೋಗ್ಲೇಬೇಡಿ, ಕೈ ಮುಗಿದು ಕೇಳ್ಕೊತೀನಿ.

ಒಮೆಗಾ-3ಗೆ ಅಗಸೆ ಚಟ್ನಿಪುಡಿ ಮಾಡ್ಕೊಳ್ಳಿ. 10 ಗ್ರಾಂ ಅಗಸೆ ಬೀಜದಲ್ಲಿ ಸುಮಾರು 2 ಗ್ರಾಂ ಎಎಲ್‌ಎ ಅನ್ನೋ ಒಮೆಗಾ-3 ಇರುತ್ತೆ. ಅದ್ರಲ್ಲಿ ಡಿಎಚ್‌ಎ ಆಗಿ ಬದಲಾಗೋದು ತೀರಾ ಸ್ವಲ್ಪ, ಅದಕ್ಕೇ ಬಸುರಿಯರು ಆಲ್ಗಲ್ ಆಯಿಲ್ ಬೇಕಾ ಅಂತ ಡಾಕ್ಟರ್‌ನ ಕೇಳೋದು ಒಳ್ಳೇದು.

ಸ್ಪಿರುಲಿನಾ ಬಿಟ್ಬಿಡಿ ಅಂತಲ್ಲ, ಪ್ರೋಟೀನ್ ಚೆನ್ನಾಗಿದೆ, ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಅದ್ರದ್ದು ಚಿಕ್ಕಿ ಕೂಡ ಮಾಡಿದಾರೆ. ಬಿ12 ಸಿಗುತ್ತೆ ಅಂತ ಮಾತ್ರ ತಗೋಬೇಡಿ, ಅದ್ರಲ್ಲಿರೋದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಮತ್ತೆ ಪ್ಯಾಕೆಟ್ ಕೊಳ್ಳುವಾಗ ಮೈಕ್ರೋಸಿಸ್ಟಿನ್ ಪರೀಕ್ಷೆ ಆಗಿದ್ಯಾ ಕೇಳಿ. ಬೇರೆ ಸಯನೋಬ್ಯಾಕ್ಟೀರಿಯಾ ಬೆರೆತ್ರೆ ಬರೋ ಈ ವಿಷ ಸೀದಾ ಲಿವರ್‌ಗೆ ಹೊಡೆಯುತ್ತೆ.