ತಿರುವಿನಲ್ಲಿ ಭಾರ ಎತ್ತ ಸರಿಯುತ್ತದೆ?

ಕಾಫಿ ತೋಟಗಳ ಮಣ್ಣುಹಾದಿಯಲ್ಲಿ ರ‍್ಯಾಲಿ ನೋಡುತ್ತ ಬೆಳೆದ ಚಿಕ್ಕಮಗಳೂರಿನ ಹುಡುಗರು ಕಂಪ್ಯೂಟರಿನ ರೇಸಿಂಗ್ ಗೇಮ್‌ಗೆ ಕುಳಿತಾಗ, ತಿರುವಿನಲ್ಲಿ ಕಾರು ವಾಲಿದೊಡನೆ ಸೆಟಪ್ ಪರದೆಗೆ ಹೋಗಿ ನಾಲ್ಕೂ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿಬಿಡುತ್ತಾರೆ. ವಾಲುವುದು ತಗ್ಗಿದರೆ ಹೊರಬದಿಯ ಚಕ್ರಗಳ ಮೇಲಿನ ಭಾರವೂ ತಗ್ಗುತ್ತದೆಂಬುದು ಅವರ ಲೆಕ್ಕ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ.

ಹೊರಬದಿಗೆ ಸರಿಯುವ ಭಾರವನ್ನು ನಿರ್ಧರಿಸುವುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನಲ್ಲಿ ಕಾರು ಪಡೆಯುವ ವೇಗೋತ್ಕರ್ಷ. 1,200 ಕಿಲೋ ತೂಕದ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದ್ದು, ಚಕ್ರಗಳ ಅಂತರ ಒಂದೂವರೆ ಮೀಟರ್ ಇದ್ದು, ವೇಗೋತ್ಕರ್ಷವು ಗುರುತ್ವದ 0.8 ಪಟ್ಟು ಇದ್ದರೆ, ಸರಿಯುವ ಭಾರ 320 ಕಿಲೋ. ಒಳಬದಿಯಲ್ಲಿ 280 ಉಳಿದು ಹೊರಬದಿ 920 ಕಿಲೋ ಹೊರುತ್ತದೆ. ಸ್ಪ್ರಿಂಗ್ ಮೆತ್ತಗಿರಲಿ, ಬಿಗಿಯಾಗಿರಲಿ, ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. (ವಾಲಿದ ಕಾರಿನ ಗುರುತ್ವಕೇಂದ್ರ ತುಸು ಪಕ್ಕಕ್ಕೆ ಸರಿಯುವುದುಂಟು, ಅದರ ಪಾಲು ಚಿಕ್ಕದು.)

ಆ 320 ಕಿಲೋವನ್ನು ಮುಂದಿನ ಮತ್ತು ಹಿಂದಿನ ಚಕ್ರಜೋಡಿಗಳು ಹೇಗೆ ಹಂಚಿಕೊಳ್ಳಬೇಕು, ಎಷ್ಟು ಬೇಗ ಹೊರಬೇಕು ಎಂಬುದಷ್ಟೇ ಸಸ್ಪೆನ್ಷನ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮುಂತಾದವುಗಳ ಜೋಡಣೆ) ಕೈಯಲ್ಲಿರುವುದು. ಆಟದ ಸ್ವಾರಸ್ಯವಿರುವುದೂ ಇಲ್ಲೇ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಹಾಗಾಗಿ ಎಡಬಲಗಳ ನಡುವೆ ಭಾರದ ವ್ಯತ್ಯಾಸ ಯಾವ ಜೋಡಿಯಲ್ಲಿ ಹೆಚ್ಚೋ ಆ ಜೋಡಿಯ ಒಟ್ಟಾರೆ ಹಿಡಿತ ತಗ್ಗುತ್ತದೆ. ಮುಂದಿನ ಆಂಟಿ-ರೋಲ್ ಬಾರ್ (ಎಡಬಲ ಚಕ್ರಗಳನ್ನು ಬೆಸೆದು ವಾಲುವುದನ್ನು ತಡೆಯುವ ಕಂಬಿ) ಬಿಗಿಯಾದಷ್ಟೂ ಸರಿಯುವ ಭಾರದ ಹೆಚ್ಚು ಪಾಲು ಮುಂದಿನ ಜೋಡಿಗೆ ಬಂದು ಮೂತಿ ಹೊರಕ್ಕೆ ಜಾರುತ್ತದೆ, ಹಿಂದಿನದು ಬಿಗಿಯಾದಷ್ಟೂ ಹಿಂಭಾಗ ಬೀಸುತ್ತದೆ. ತಿರುಗಲೊಲ್ಲದ ಕಾರಿಗೆ ಮುಂದಿನ ಬಾರ್ ಸಡಿಲಿಸುವುದು ಸರಿಯಾದ ಮದ್ದೇ ಹೊರತು ನಾಲ್ಕೂ ಸ್ಪ್ರಿಂಗ್ ಬಿಗಿಯುವುದಲ್ಲ.

ಸ್ಪ್ರಿಂಗ್‌ನ ಬಿಗಿತಕ್ಕೂ ಮಿತಿಯಿದೆ. ಒಂದು ಚಕ್ರ 300 ಕಿಲೋ ಹೊತ್ತಿದ್ದು, ಅಲ್ಲಿ ಪ್ರತಿ ಮಿಲಿಮೀಟರ್ ಕುಸಿತಕ್ಕೆ 20 ನ್ಯೂಟನ್ ಬಲ ಬೇಕಾಗುವಂತಿದ್ದರೆ ಆ ಮೂಲೆ ಸೆಕೆಂಡಿಗೆ ಸುಮಾರು 1.3 ಬಾರಿ ಏರಿಳಿಯುತ್ತದೆ. ಬಿಗಿತವನ್ನು ಇಮ್ಮಡಿ ಮಾಡಿದರೂ ಅದು 1.8ಕ್ಕಷ್ಟೇ ಏರುತ್ತದೆ, ಏಕೆಂದರೆ ಇಲ್ಲಿ ನಡೆಯುವುದು ವರ್ಗಮೂಲದ ಲೆಕ್ಕ. ಈ ಏರಿಳಿತವನ್ನು ಅಡಗಿಸುವ ಕೆಲಸ ಶಾಕ್ ಅಬ್ಸಾರ್ಬರ್‌ನದು. ನುಣುಪಾದ ಟಾರು ಟ್ರ್ಯಾಕಿನಲ್ಲಿ ಅದನ್ನು ಬಿಗಿಯಾಗಿಟ್ಟರೆ ನಡೆದೀತು. ಮಲೆನಾಡಿನ ತೋಟದ ಹಾದಿಯಂಥ ಉಬ್ಬುತಗ್ಗಿನಲ್ಲಿ ಮಾತ್ರ, ಅದರ ಮರುಚಾಚಿಕೆ (ರಿಬೌಂಡ್, ಅಂದರೆ ಒತ್ತಿದ ಬಳಿಕ ಮತ್ತೆ ಚಾಚಿಕೊಳ್ಳುವುದು) ತೀರಾ ಬಿಗಿಯಾಗಿದ್ದರೆ ಒಂದು ಉಬ್ಬಿಗೆ ಒತ್ತಿದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದುಬಿಡುತ್ತದೆ, ಕಾರು ಹಂತಹಂತವಾಗಿ ನೆಲದತ್ತ ಕುಸಿಯುತ್ತದೆ. ರ‍್ಯಾಲಿ ಕಾರುಗಳಿಗೆ ಮೆತ್ತನೆಯ ಸ್ಪ್ರಿಂಗ್, ಉದ್ದನೆಯ ಚಲನೆ ಇರುವುದು ಇಂಥ ಹಾದಿಯಲ್ಲೂ ಚಕ್ರ ನೆಲ ಬಿಡದಿರಲೆಂದೇ. ಗೇಮ್‌ನ ಟೆಲಿಮೆಟ್ರಿ (ಓಟದ ಅಳತೆಗಳನ್ನು ಗೆರೆಗಳಲ್ಲಿ ತೋರಿಸುವ) ಪರದೆಯಲ್ಲಿ ಸಸ್ಪೆನ್ಷನ್‌ನ ಗೆರೆ ಪ್ರತಿ ಉಬ್ಬಿನ ನಂತರವೂ ಮೊದಲಿನ ಮಟ್ಟಕ್ಕೆ ಮರಳದಿದ್ದರೆ, ರಿಬೌಂಡನ್ನು ಒಂದೊಂದೇ ಕ್ಲಿಕ್ ಸಡಿಲಿಸಿ ಅದೇ ದಾರಿಯಲ್ಲಿ ಮತ್ತೆ ಓಡಿಸಿ ನೋಡಬೇಕು.